ಮಾವನವರು, ಡಾಲಿ ಮತ್ತು ಸಿಸ್ಕಿಯೂ ಘಾಟಿ

"ಎಳೆಯೋ ಗಾಡೀಲಿ ಡ್ರೈವರ್ ಇರ್ತಾನೆ, ಸರಿ. ಹಿಂದಿನ ಗಾಡೀಲಿ ಸ್ಟೇರಿಂಗ್ ಹಿಡಿಯೋರು ಯಾರು ಅಳಿಯಂದ್ರೆ?"

ಕಾರನ್ನು ಟ್ರಕ್ಕಿನ ಹಿಂದೆ ಕಟ್ಟಿಕೊಂಡು ಹೋಗೋಣ ಎಂದು ನಾನು ಹೇಳಿದ ಕೂಡಲೇ ಮಾವನವರು ಕೇಳಿದ್ದು ಇದನ್ನೇ. ಯಾರೂ ಕೂರುವುದಿಲ್ಲ, ಕೂರಲೂಬಾರದು ಎಂದೆ. ಅವರು ಕಾಫಿ ಲೋಟ ಕೆಳಗಿಟ್ಟರು. "ಯಾರೂ ಇಲ್ದೆ ಸಾವಿರ ಕಿಲೊಮೀಟರಾ?"

ಇದು 2005ರ ಅಕ್ಟೋಬರಿನ ಮಾತು. ನಾವಾಗ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿದ್ದೆವು. ನನಗೆ ಆರೆಗಾನ್ ರಾಜ್ಯದ ಹಿಲ್ಸ್‌ಬರೊದಲ್ಲಿ ಕೆಲಸ ಸಿಕ್ಕಿತ್ತು. ಮನೆ ಸಾಮಾನು ತುಂಬಲು ಒಂದು ಬಾಡಿಗೆ ಟ್ರಕ್ಕು, ಜೊತೆಗೆ ಮನೆಯ ಎರಡು ಕಾರು. ಅತ್ತೆ ಮಾವ ಊರಿನಿಂದ ಬಂದು ನಮ್ಮೊಡನೆ ಇದ್ದ ಕಾಲ. ಓಡಿಸಬಲ್ಲವರು ನಾನು, ನನ್ನ ಹೆಂಡತಿ ಇಬ್ಬರೇ. ಗಾಡಿ ಮೂರು. ಹಾಗಾಗಿ ಒಂದು ಕಾರನ್ನು ಎಳೆದುಕೊಂಡೇ ಹೋಗಬೇಕಿತ್ತು.

ಮಾವನವರ ದಿಗಿಲಿಗೆ ಕಾರಣವಿತ್ತು. ಅವರು ಕೆಎಸ್ಸಾರ್ಟಿಸಿಯಲ್ಲಿ ಮೆಕ್ಯಾನಿಕ್ ಆಗಿ ಸೇರಿ ಅಲ್ಲೇ ನಿವೃತ್ತರಾದವರು. ಸಕಲೇಶಪುರದ ಕಡೆ ದುಡಿದ ವರ್ಷಗಳೇ ಹೆಚ್ಚು. ಆಷಾಢದ ಮಳೆಯಲ್ಲಿ ಶಿರಾಡಿ ಘಾಟಿಯ ಯಾವುದೋ ತಿರುವಿನಲ್ಲಿ ಬಸ್ಸು ಕೆಟ್ಟು ನಿಂತಿದೆ ಎಂದು ಡಿಪೋಗೆ ಸುದ್ದಿ ಬಂದರೆ, ಸ್ಪ್ಯಾನರ್ ಚೀಲ ಹೆಗಲಿಗೆ ಹಾಕಿಕೊಂಡು ಬ್ರೇಕ್‌ಡೌನ್ ಗಾಡಿ ಹತ್ತುತ್ತಿದ್ದವರು. ಇಂಜಿನ್ ಸತ್ತ ಬಸ್ಸಿನಲ್ಲಿ ಗಾಳಿ ತುಂಬುವುದಿಲ್ಲ, ಗಾಳಿಯಿಲ್ಲದೆ ಬ್ರೇಕ್ ನೆಟ್ಟಗೆ ಕೆಲಸ ಮಾಡುವುದಿಲ್ಲ. ಅಂಥ ಬಸ್ಸನ್ನು ಎಳೆದು ತರುವಾಗ ಅದರ ಸ್ಟೇರಿಂಗ್ ಹಿಡಿದು ಕೂತ ಡ್ರೈವರ್ ಒಂದು ಕ್ಷಣ ಮೈಮರೆತರೂ ಏನಾಗುತ್ತದೆ ಎಂಬುದನ್ನು ಅವರು ಕಣ್ಣಾರೆ ಕಂಡಿದ್ದರು.

ನಮ್ಮ ದೇಶದ ನಿಯಮವೂ ಅವರಿಗೆ ಬಾಯಿಪಾಠ. 1989ರಲ್ಲಿ ಬಂದು 2017ರವರೆಗೆ ಜಾರಿಯಲ್ಲಿದ್ದ ರಸ್ತೆ ನಿಯಮಾವಳಿಯ ಪ್ರಕಾರ, ಎಳೆಯುವ ಗಾಡಿಗೂ ಎಳೆಸಿಕೊಳ್ಳುವ ಗಾಡಿಗೂ ನಡುವೆ 5 ಮೀಟರಿಗಿಂತ ಹೆಚ್ಚು ಅಂತರ ಇರಬಾರದು. ವೇಗ ಗಂಟೆಗೆ 24 ಕಿಲೊಮೀಟರ್ ಮೀರಬಾರದು. ಹಗ್ಗವೋ ಸರಪಳಿಯೋ ದೂರದಿಂದಲೇ ಕಾಣುವಂತಿರಬೇಕು. ಹಿಂದಿನ ಗಾಡಿಯ ಬೆನ್ನಿಗೆ, ಇದನ್ನು ಎಳೆದೊಯ್ಯಲಾಗುತ್ತಿದೆ ಎಂದು ಬಿಳಿಯ ಮೇಲೆ ಕಪ್ಪಕ್ಷರದ ಫಲಕ ಇರಬೇಕು. ಸ್ಟೇರಿಂಗ್ ಮುಂದೆ ಲೈಸೆನ್ಸ್ ಇದ್ದವನೊಬ್ಬ ಕೂತಿರಲೇಬೇಕು.

ಇಷ್ಟು ಹೇಳಿ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಮಗೆ ತಾವೇ ಎಂಬಂತೆ, "ಇನ್ನೊಂದ್ ಮಾತಿದೆ ಅದರಲ್ಲಿ. ಸ್ಟೇರಿಂಗ್ ಚಕ್ರ ಎರಡನ್ನೂ ನೆಲದಿಂದ ಮೇಲೆತ್ತಿ ಭದ್ರ ಮಾಡಿದ್ರೆ ಆಗ ಆಳು ಬೇಡ. ನಿಮ್ಮ ಡಾಲಿ ಅಂದ್ರೆ ಅದೇ ತಾನೆ?" ಎಂದರು.

ಅದೇ. ಟೋ ಡಾಲಿ ಎಂದರೆ ಎರಡು ಚಕ್ರದ ಪುಟ್ಟ ಟ್ರೇಲರ್. ಕಾರಿನ ಮುಂದಿನ ಎರಡು ಚಕ್ರ ಅದರ ಮೇಲೆ ಹತ್ತಿ ಕೂರುತ್ತವೆ, ಹಿಂದಿನವೆರಡು ರಸ್ತೆಯ ಮೇಲೆ ಉರುಳುತ್ತಾ ಬರುತ್ತವೆ. ನಾನು ಹಾಳೆಯ ಮೇಲೆ ಚಿತ್ರ ಬರೆದು ತೋರಿಸುವ ಮೊದಲೇ ಅವರಿಗೆ ಅದರ ಮರ್ಮ ಹೊಳೆದಿತ್ತು. ಮುಂದಿನ ಪ್ರಶ್ನೆ, "ಅದಕ್ಕೆ ಬ್ರೇಕ್ ಇದ್ಯಾ?"

ಈ ಪ್ರಶ್ನೆಯನ್ನು ಅಮೆರಿಕದ ಪ್ರತಿ ರಾಜ್ಯವೂ ತನ್ನ ತನ್ನ ಲೆಕ್ಕದಲ್ಲಿ ಕೇಳುತ್ತದೆ. ಕೆಲವು ರಾಜ್ಯಗಳಲ್ಲಿ 1,500 ಪೌಂಡ್, ಅಂದರೆ 680 ಕಿಲೊ ಮುಟ್ಟಿದ ಟ್ರೇಲರಿಗೆ ಬ್ರೇಕ್ ಕಡ್ಡಾಯ. ಎಷ್ಟೋ ರಾಜ್ಯಗಳಲ್ಲಿ ಆ ಗೆರೆ 3,000 ಪೌಂಡಿನಲ್ಲಿದೆ. ಒಂದು ರಾಜ್ಯದಲ್ಲಿ ಸರಿಯಾದ ಡಾಲಿ, ಗಡಿ ದಾಟಿದೊಡನೆ ತಪ್ಪಾಗಬಹುದು. ಡಾಲಿಗೆ ಪ್ರತ್ಯೇಕ ನಂಬರ್ ಪ್ಲೇಟ್ ಬೇಕೆ ಬೇಡವೆ ಎಂಬುದೂ ಹೀಗೆಯೇ. ಹೊರಡುವ ಊರಿನ ಕಾಯಿದೆಯನ್ನಷ್ಟೇ ಓದಿದರೆ ಸಾಲದು, ದಾರಿಯಲ್ಲಿ ಸಿಗುವ ಪ್ರತಿ ರಾಜ್ಯದ್ದನ್ನೂ ಓದಬೇಕು. ನಮಗೆ ಎರಡೇ ರಾಜ್ಯ. ಎರಡರದ್ದನ್ನೂ ಓದಿದ್ದೆ. ನಾವು ಗೊತ್ತುಮಾಡಿದ ಡಾಲಿಗೆ ಸರ್ಜ್ ಬ್ರೇಕ್ ಇತ್ತು. ಟ್ರಕ್ಕು ಬ್ರೇಕ್ ಹಿಡಿದಾಗ ಹಿಂದಿನ ಡಾಲಿ ತನ್ನ ಭಾರದಿಂದ ಮುಂದಕ್ಕೆ ಒತ್ತುತ್ತದಲ್ಲ, ಆ ಒತ್ತಡವೇ ಅದರ ಮೂತಿಯಲ್ಲಿರುವ ಸಿಲಿಂಡರನ್ನು ಅದುಮಿ ಡಾಲಿಯ ಚಕ್ರಗಳಿಗೆ ಬ್ರೇಕ್ ಹಾಕುತ್ತದೆ. ವಿವರಿಸಿದಾಗ ಮಾವನವರ ಮುಖ ಮೊದಲ ಸಲ ಅರಳಿತು. "ತಳ್ಳೋ ಬಲದಿಂದಾನೇ ತಡೆ. ಭೇಷ್."

ಬಾಡಿಗೆ ಅಂಗಡಿಗೆ ಅವರೂ ಬಂದರು. ನಮ್ಮಲ್ಲಿದ್ದದ್ದು ಒಂದು ಹಳೆಯ ಟೊಯೊಟಾ ಕೊರೊಲಾ, ಒಂದು ಸುಬಾರು. ಸುಬಾರು ದೊಡ್ಡದು, ಪೆಟ್ರೋಲ್ ಹೆಚ್ಚು ಕುಡಿಯುವಂಥದ್ದು. ಅದನ್ನೇ ಡಾಲಿಗೆ ಹತ್ತಿಸಿ ಕೊರೊಲಾವನ್ನು ಹೆಂಡತಿ ಓಡಿಸುವುದು ಮಿತವ್ಯಯ ಎಂದು ಮನೆಯಲ್ಲಿ ಮಾತಾಗಿತ್ತು. ಕೌಂಟರಿನಲ್ಲಿದ್ದ ಮಹಿಳೆ ಕಾರಿನ ಹೆಸರು, ವರ್ಷ ಕೇಳಿದರು. ಸುಬಾರು ಎಂದೊಡನೆ ಬರೆಯುವುದನ್ನು ನಿಲ್ಲಿಸಿ ತಲೆಯಾಡಿಸಿದರು. ಡಾಲಿ ಕೊಡುವುದಿಲ್ಲ ಎಂದರು.

ನಾಲ್ಕೂ ಚಕ್ರಕ್ಕೆ ಇಂಜಿನ್ನಿನ ಬಲ ಹೋಗುವ ಕಾರದು. ಮುಂದಿನ ಚಕ್ರಗಳು ಡಾಲಿಯ ಮೇಲೆ ಅಲುಗದೆ ಕೂತು, ಹಿಂದಿನವು ಮಾತ್ರ ಗಂಟೆಗಟ್ಟಲೆ ಉರುಳಿದರೆ, ಎರಡನ್ನೂ ನಡುವೆ ಜೋಡಿಸುವ ಭಾಗ ಆ ವ್ಯತ್ಯಾಸವನ್ನೆಲ್ಲ ನುಂಗಿಕೊಂಡು ಕಾದು ಕಾದು ಸುಟ್ಟುಹೋಗುತ್ತದೆ. ಅಂಥ ಕಾರಿಗೆ ನಾಲ್ಕೂ ಚಕ್ರ ನೆಲ ಬಿಡುವ ಪೂರ್ತಿ ಟ್ರೇಲರೇ ಆಗಬೇಕು. ಹಿಂದಿನ ಚಕ್ರಕ್ಕೆ ಮಾತ್ರ ಬಲ ಹೋಗುವ ಕಾರಾದರೆ? ಮಾವನವರು ನನ್ನ ಬಾಯಿಂದ ಕೇಳಿಸಿಕೊಂಡು ತಕ್ಷಣ ಹೇಳಿದರು, "ಪ್ರೊಪೆಲ್ಲರ್ ಶಾಫ್ಟ್ ಬಿಚ್ಬೇಕು. ಇಂಜಿನ್ ಓಡ್ದೆ ಗೇರ್‌ಬಾಕ್ಸಲ್ಲಿ ಆಯಿಲ್ ತಿರುಗಲ್ಲ, ಒಣಗಿದ್ದು ಉಜ್ಜುತ್ತೆ. ಬಸ್ಸಿಗೆ ನಾವು ಮಾಡ್ತಿದ್ದಿದ್ದೇ ಅದು." ನಾನದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಆ ಮಹಿಳೆ ಮಾವನವರ ಕಡೆ ತಿರುಗಿ, ಬಹಳ ಗೌರವದಿಂದ, ಹೌದು ಎಂದು ತಲೆಯಾಡಿಸಿದರು.

ಡಾಲಿಗೆ ಕೊರೊಲಾ ಎಂದು ತೀರ್ಮಾನವಾಯಿತು. ಅದು ಮುಂಚಕ್ರದ ಕಾರು, ತೂಕ 1,100 ಕಿಲೊ ಆಸುಪಾಸು. ಎಳೆಯುವ ಟ್ರಕ್ಕು ಅದಕ್ಕಿಂತ ಎಷ್ಟೋ ಪಟ್ಟು ಭಾರ. ಹಗುರ ಗಾಡಿ ಭಾರದ ಗಾಡಿಯನ್ನು ಎಳೆಯುವಂತಿಲ್ಲ. ಇಳಿಜಾರಿನಲ್ಲಿ ಯಾರು ಯಾರನ್ನು ಒಯ್ಯುತ್ತಿದ್ದಾರೆಂದೇ ತಿಳಿಯದೆ ಹೋಗುತ್ತದೆ. ವಿಮೆಯ ಮಾತನ್ನೂ ಅಲ್ಲೇ ಮುಗಿಸಿದೆ. ಕ್ರೆಡಿಟ್ ಕಾರ್ಡಿನ ಜೊತೆ ಬರುವ ಬಾಡಿಗೆ ಕಾರಿನ ವಿಮೆ ಇಂಥ ಟ್ರಕ್ಕಿಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ.

ಹತ್ತಿಸುವ ಕೆಲಸ ಬೆಳಕಿರುವಾಗಲೇ ಆಯಿತು. ಮಟ್ಟಸವಾದ ಜಾಗ ನೋಡಿದೆವು. ಮೊದಲು ಡಾಲಿಯನ್ನು ಟ್ರಕ್ಕಿಗೆ ಸಿಕ್ಕಿಸಬೇಕು, ಆಮೇಲೆ ಕಾರು. ಈ ಕ್ರಮ ಅದಲು ಬದಲಾಗಬಾರದು. ಟ್ರಕ್ಕಿನ ಹಿಂಬದಿಯ ಹಿಚ್ಚಿನಲ್ಲಿರುವ ಉಕ್ಕಿನ ಗುಂಡಿನ ಮೇಲೆ ಡಾಲಿಯ ಮೂತಿ ಕೂರುತ್ತದೆ. ಗುಂಡಿನ ಅಳತೆಯೂ ಮೂತಿಯ ಅಳತೆಯೂ ಒಂದೇ ಇರಬೇಕು. ಕೂತ ಮೇಲೆ ಚಿಲಕ, ಚಿಲಕಕ್ಕೊಂದು ಪಿನ್ನು. ಇಷ್ಟಾದ ಮೇಲೂ ಎರಡು ಸರಪಳಿ. ಅವನ್ನು ನೇರವಾಗಿ ಕಟ್ಟುವುದಲ್ಲ, ಮೂತಿಯ ಕೆಳಗೆ ಒಂದಕ್ಕೊಂದು ಅಡ್ಡ ಹಾಯಿಸಿ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಸಿಕ್ಕಿಸುವುದು. ಗುಂಡು ಕಳಚಿಕೊಂಡರೆ ಡಾಲಿಯ ಮೂತಿ ರಸ್ತೆಗೆ ಬಡಿದು ನಾಟಿಕೊಳ್ಳದೆ, ಆ ಸರಪಳಿಗಳ ತೊಟ್ಟಿಲಿನಲ್ಲಿ ಬೀಳುತ್ತದೆ. ತಿರುವಿಗೆ ಬೇಕಾದಷ್ಟು ಸಡಿಲ ಇರಬೇಕು, ನೆಲಕ್ಕೆ ತಾಗುವಷ್ಟು ಇರಬಾರದು. ಮಾವನವರು ಮಂಡಿಯೂರಿ ಕೂತು ಆ ಸಡಿಲವನ್ನು ಅಂಗೈಯಲ್ಲಿ ತೂಗಿ ನೋಡಿದರು.

ಕಾರನ್ನು ನಿಧಾನ, ತೀರ ನಿಧಾನ, ಹಲಗೆಗಳ ಮೇಲಿಂದ ಹತ್ತಿಸಿದೆ. ಚಕ್ರಗಳು ಮುಂದಿನ ತಡೆಗೆ ಮುಟ್ಟಿದಾಗ ಮಾವನವರು ಕೈ ಎತ್ತಿದರು. ಎರಡೂ ಟೈರಿನ ಮೇಲೆ ದಪ್ಪ ಪಟ್ಟಿ ಹಾಯಿಸಿ ರಾಚೆಟ್ಟಿನಿಂದ ಬಿಗಿದೆವು. ಕಾರಿಗೂ ಡಾಲಿಗೂ ಬೇರೆಯೇ ಸರಪಳಿ. ನಮ್ಮದು ಕಾರು ಕೂರುವ ತಟ್ಟೆ ತಿರುಗುವ ಜಾತಿಯ ಡಾಲಿ, ಆದ್ದರಿಂದ ಕಾರಿನ ಸ್ಟೇರಿಂಗನ್ನು ನೆಟ್ಟಗೆ ನಿಲ್ಲಿಸಿ ಲಾಕ್ ಮಾಡಿದೆವು. ತಟ್ಟೆ ತಿರುಗದ ಡಾಲಿಗಳೂ ಇವೆ, ಅವುಗಳ ಕ್ರಮ ಬೇರೆ. ಯಾವ ಡಾಲಿಗೆ ಯಾವ ಕ್ರಮ ಎಂಬುದು ಅದರ ಜೊತೆ ಬರುವ ಪುಸ್ತಕದಲ್ಲಿರುತ್ತದೆ. ಆ ಪುಸ್ತಕ ಇಲ್ಲದೆ ಡಾಲಿ ಮುಟ್ಟಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕೊನೆಯದು ಹ್ಯಾಂಡ್‌ಬ್ರೇಕ್. ಜೀವಮಾನವಿಡೀ ಕಾರು ನಿಲ್ಲಿಸಿದೊಡನೆ ಅದನ್ನು ಎಳೆದು ಅಭ್ಯಾಸವಾದ ಕೈ ಇಲ್ಲೂ ತಾನಾಗಿ ಎಳೆಯಲು ಹೋಗುತ್ತದೆ. ಆದರೆ ಕೊರೊಲಾದಲ್ಲಿ ಅದು ಹಿಡಿಯುವುದು ಹಿಂದಿನ ಚಕ್ರಗಳನ್ನು, ರಸ್ತೆಯ ಮೇಲೆ ಉರುಳಬೇಕಾದ ಆ ಎರಡನ್ನೇ. ಅದನ್ನು ಪೂರ್ತಿ ಇಳಿಸಿ ಗೇರನ್ನು ಪಾರ್ಕಿನಲ್ಲಿಟ್ಟೆವು. ಮಾವನವರು ಬಾಗಿಲು ತೆರೆದು ಹ್ಯಾಂಡ್‌ಬ್ರೇಕ್ ಕೆಳಗಿರುವುದನ್ನು ಕೈಯಿಂದ ಮುಟ್ಟಿ ಖಾತ್ರಿ ಮಾಡಿಕೊಂಡರು. ಕಣ್ಣಿಗೆ ಕಂಡರೂ ಮುಟ್ಟಿಯೇ ನೋಡುವುದು ಅವರ ಪದ್ಧತಿ.

ದೀಪದ ಪರೀಕ್ಷೆ ಮಗಳಿಗೆ ಹಬ್ಬವಾಯಿತು. ನಾನು ಟ್ರಕ್ಕಿನಲ್ಲಿ ಕೂತು ಒಂದೊಂದೇ ಒತ್ತುವುದು, ಮಾವನವರು ಹಿಂದೆ ನಿಂತು "ಎಡ… ಬಲ… ಬ್ರೇಕ್… ಹಿಂದಿನ್ ಲೈಟ್" ಎಂದು ಕೂಗುವುದು, ಎಲ್ಲ ಮುಗಿದ ಮೇಲೆ ಮಗಳು ಬಸ್ಸಿನ ಕಂಡಕ್ಟರರಂತೆ ಟ್ರಕ್ಕಿನ ಮೈ ತಟ್ಟಿ "ರೈಟ್, ರೈಟ್!" ಎನ್ನುವುದು. ಡಾಲಿಯ ಮೇಲೆ ಕಾರು ಕೂತ ಮೇಲೆ ಟ್ರಕ್ಕಿನ ದೀಪಗಳು ಹಿಂದಿನವರಿಗೆ ಸರಿಯಾಗಿ ಕಾಣುವುದಿಲ್ಲ. ನಮ್ಮ ಡಾಲಿಯ ದೀಪಗಳು ಅದರ ಚಕ್ರದ ಮುಚ್ಚಳಗಳ ಮೇಲೆ, ಕಾರಿನಿಂದ ಆಚೆಗೆ ಚಾಚಿದ್ದವು. ಹಾಗೆ ಇಲ್ಲದ ಡಾಲಿಯಾದರೆ ಕಾರಿನ ಹಿಂಬದಿಗೇ ಬೇರೆ ದೀಪ ಅಂಟಿಸಿ ಅದರ ತಂತಿಯನ್ನು ಟ್ರಕ್ಕಿನವರೆಗೆ ಎಳೆಯಬೇಕು. ಹಿಂದೆ ಬರುವವನಿಗೆ ನೀವು ಬ್ರೇಕ್ ಹಿಡಿದದ್ದು ತಿಳಿಯದಿದ್ದರೆ ಉಳಿದ ಜಾಗರೂಕತೆಯೆಲ್ಲ ವ್ಯರ್ಥ.

ಹೊರಟೆವು. ಹೆಂಡತಿ, ಅತ್ತೆ, ಮಗಳು ಸುಬಾರುವಿನಲ್ಲಿ ಮುಂದೆ. ನಾನು, ಮಾವನವರು ಟ್ರಕ್ಕಿನಲ್ಲಿ. ಮೊದಲ ಕೆಲವೇ ಮೈಲಿಗೆ ಮಾವನವರು ನಿಲ್ಲಿಸಿ ಎಂದರು. ಪುಸ್ತಕವೂ ಅದನ್ನೇ ಹೇಳಿತ್ತು. ಟೈರು ಅಲುಗಾಡಿ ತನ್ನ ಜಾಗ ಹುಡುಕಿಕೊಂಡ ಮೇಲೆ ಪಟ್ಟಿ ಸಡಿಲವಾಗುವುದು ಸಹಜ. ಇಳಿದು ನೋಡಿದರೆ ಎಡಗಡೆಯ ಪಟ್ಟಿಯ ಕೆಳಗೆ ನಾಲ್ಕು ಬೆರಳು ತೂರುತ್ತಿದ್ದವು. ರಾಚೆಟ್ಟಿಗೆ ಮತ್ತೆ ಕೆಲವು ಹಲ್ಲು ಬಿದ್ದವು. ಅಲ್ಲಿಂದಾಚೆ ನಿಂತಲ್ಲೆಲ್ಲ ಒಂದೇ ವ್ರತ. ಮಾವನವರು ಬಲದಿಂದ ಸುತ್ತು ಹೊರಟು ಮೂತಿ, ಪಿನ್ನು, ಸರಪಳಿ, ಪಟ್ಟಿ, ಡಾಲಿಯ ಹಬ್, ಕಾರಿನ ಹಿಂಚಕ್ರದ ಹಬ್, ಎಲ್ಲವನ್ನೂ ಮುಟ್ಟಿ ಎಡದಿಂದ ವಾಪಸು ಬರುತ್ತಿದ್ದರು. ಹಬ್ಬಿಗೆ ಮೊದಲು ಅಂಗೈಯ ಹಿಂಬದಿ ಹತ್ತಿರ ಹಿಡಿಯುವರು, ಆಮೇಲೆ ಮುಟ್ಟುವರು. "ಬೆಚ್ಚಗಿದ್ರೆ ಸರಿ. ಕೈ ಇಡಕ್ಕಾಗ್ದಷ್ಟು ಬಿಸಿ ಇದ್ರೆ ಬೇರಿಂಗೋ ಬ್ರೇಕೋ ಏನೋ ಹೇಳ್ತಾ ಇದೆ ಅಂತ ಅರ್ಥ."

ಇಂಟರ್‌ಸ್ಟೇಟ್ 5 ಹೆದ್ದಾರಿ ಸೇರಿದ ಮೇಲೆ ದಾರಿ ನೇರ, ಬಯಲು. ಅಕ್ಕಪಕ್ಕದಲ್ಲಿ ಬಾದಾಮಿ ತೋಟ, ಕೊಯ್ದ ಭತ್ತದ ಗದ್ದೆ. ಎಲ್ಲರೂ 70 ಮೈಲಿಯಲ್ಲಿ ಹಾರುತ್ತಿದ್ದರೆ ನಾವು 55ರಲ್ಲಿ, ಅಂದರೆ ಗಂಟೆಗೆ 88 ಕಿಲೊಮೀಟರಿನಲ್ಲಿ, ಬಲ ತುದಿಯ ಸಾಲಿನಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಏನನ್ನೇ ಎಳೆಯುವವರಿಗೆ 55 ಕಾನೂನಿನ ಮಿತಿ. ಬಲ ತುದಿಯ ಸಾಲೂ ಕಾನೂನೇ. ಇದು ಕಿರುಕುಳದ ನಿಯಮ ಎಂದು ಗೊಣಗುವವರನ್ನು ಕಂಡಿದ್ದೇನೆ. ಅವರು ಡಾಲಿಯ ಬಾಲ ಆಡುವುದನ್ನು ಕಂಡಿಲ್ಲ. ವೇಗ ಹೆಚ್ಚಿದಂತೆ, ಗಾಳಿಯ ಒಂದು ತಳ್ಳಿಗೋ ರಸ್ತೆಯ ಒಂದು ಉಬ್ಬಿಗೋ ಹಿಂದಿನ ಕಾರು ಎಡಬಲ ತೂಗತೊಡಗುತ್ತದೆ. ಒಮ್ಮೆ ಹಿಡಿದರೆ ಪ್ರತಿ ತೂಗಿಗೂ ಬೆಳೆಯುತ್ತದೆ. ಆಗ ಕಾಲು ಬ್ರೇಕಿಗೆ ಹೋಗಬಾರದು, ಕೈ ಸ್ಟೇರಿಂಗನ್ನು ಅತ್ತಿತ್ತ ತಿರುಗಿಸಬಾರದು. ಆಕ್ಸಿಲರೇಟರ್ ಬಿಟ್ಟು, ಸ್ಟೇರಿಂಗ್ ನೆಟ್ಟಗೆ ಹಿಡಿದು, ತಾನಾಗಿ ನಿಧಾನವಾಗಲು ಬಿಡಬೇಕು. ದೊಡ್ಡ ಹದಿನೆಂಟು ಚಕ್ರದ ಲಾರಿಯೊಂದು ಪಕ್ಕದಲ್ಲಿ ದಾಟಿದಾಗ ನಮಗೂ ಒಂದು ಸೆಳೆತ ಬಂತು. ಮಾವನವರು ಮಾತಾಡಲಿಲ್ಲ. ಕನ್ನಡಿಯಲ್ಲಿ ಕಾರು ಮತ್ತೆ ನೆಟ್ಟಗಾದದ್ದನ್ನು ಕಂಡು ಸೀಟಿಗೆ ಒರಗಿದರು.

ರೆಡಿಂಗ್ ದಾಟಿದ ಮೇಲೆ ದಾರಿ ಬೆಟ್ಟಕ್ಕೆ ಏರಿತು. ಶಾಸ್ತಾ ಸರೋವರದ ಸೇತುವೆ, ಡನ್ಸ್‌ಮ್ಯೂರಿನ ಕಣಿವೆ, ಆಮೇಲೆ ತಿರುವೊಂದರಲ್ಲಿ ಏಕಾಏಕಿ ಮೌಂಟ್ ಶಾಸ್ತಾ. 4,322 ಮೀಟರ್ ಎತ್ತರದ ಜ್ವಾಲಾಮುಖಿ, ಒಂಟಿಯಾಗಿ, ತಲೆ ತುಂಬ ಹಿಮ. ಮಾವನವರು ಕೈ ಮುಗಿದರು.

ಎಲ್ಲಿ ನಿಲ್ಲಬೇಕಾದರೂ ಒಂದೇ ಯೋಚನೆ ನಮ್ಮದು. ಒಳಗೆ ಹೋದ ಮೇಲೆ ಹೊರಬರಲು ಆಚೆ ಬದಿ ದಾರಿ ಇದೆಯೇ? ಡಾಲಿ ಕಟ್ಟಿದ ಗಾಡಿಗೆ ರಿವರ್ಸ್ ಇಲ್ಲ. ಸಾಮಾನ್ಯ ಟ್ರೇಲರಿಗೆ ಬಾಗುವ ಗಂಟು ಒಂದು. ಡಾಲಿಗೆ ಎರಡು. ಹಿಚ್ಚಿನ ಹತ್ತಿರ ಒಂದು, ಕಾರು ಕೂತ ತಟ್ಟೆಯಲ್ಲಿ ಇನ್ನೊಂದು. ಹಿಂದಕ್ಕೆ ತಳ್ಳಿದ ಕೂಡಲೇ ಎರಡೂ ತಮತಮಗೆ ಬೇಕಾದ ಕಡೆ ಮಡಚಿಕೊಳ್ಳುತ್ತವೆ. ಯಾವ ಜಾಣ ಡ್ರೈವರನಿಗೂ ಅವುಗಳನ್ನು ಒಟ್ಟಿಗೆ ಸಂಭಾಳಿಸಲಾಗುವುದಿಲ್ಲ. ಹಾಗಾಗಿ ಹೆಂಡತಿ ಸುಬಾರುವಿನಲ್ಲಿ ಮುಂದೆ ಹೋಗಿ, ಪೆಟ್ರೋಲ್ ಬಂಕನ್ನೋ ಹೋಟೆಲನ್ನೋ ಒಂದು ಸುತ್ತು ಹಾಕಿ ನೋಡಿ ಫೋನ್ ಮಾಡುತ್ತಿದ್ದಳು. ಅತ್ತೆ ಫೋನ್ ಹಿಡಿದು, "ಅವಳು ಹೇಳ್ತಾಳೆ, ಇಲ್ಲಿ ಬೇಡ್ವಂತೆ, ಮುಂದಕ್ಕೆ ಬನ್ನಿ" ಎಂದು ದಾಟಿಸುವುದು.

ಅಂದು ರಾತ್ರಿ ವೈರೀಕಾ ಎಂಬ ಊರಿನಲ್ಲಿ ಉಳಿದೆವು. ಮೋಟೆಲಿನ ಮುಂದೆ ಲಾರಿಗಳು ನಿಲ್ಲುವಷ್ಟು ಅಗಲದ ಬಯಲು, ಒಂದು ಬದಿಯಿಂದ ನುಗ್ಗಿ ಇನ್ನೊಂದು ಬದಿಯಿಂದ ಹೊರಬರಬಹುದು. ಅಲ್ಲಿ ನಿಲ್ಲಿಸಿ ಮಾವನವರು ತಮ್ಮ ಸುತ್ತು ಮುಗಿಸುವಷ್ಟರಲ್ಲಿ ಕಟ್ಟಡದ ಹಿಂದಿನಿಂದ ಒಂದು ಸದ್ದು ಬಂತು. ಲೋಹ ಲೋಹಕ್ಕೆ ಒತ್ತಿ ನರಳುವ ಸದ್ದು. ನನಗೆ ತಿಳಿಯುವ ಮೊದಲೇ ಮಾವನವರು ಆ ಕಡೆ ಓಡಿದ್ದರು. ಅರವತ್ತು ದಾಟಿದ ಅವರು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಹಿಂದುಗಡೆ ಗೋಡೆಗೆ ಕೊನೆಯಾಗುವ ಕಿರಿದಾದ ಜಾಗ. ಇಪ್ಪತ್ತೈದರ ಒಳಗಿನ ಹುಡುಗನೊಬ್ಬ ಟ್ರಕ್ಕು, ಅದರ ಹಿಂದೆ ಡಾಲಿ, ಅದರ ಮೇಲೆ ಕಾರು ಸಮೇತ ಅಲ್ಲಿಗೆ ನುಗ್ಗಿ, ಈಗ ರಿವರ್ಸಿನಲ್ಲಿ ಹೊರಬರಲು ನೋಡುತ್ತಿದ್ದ. ಡಾಲಿ ಮಡಚಿಕೊಂಡು ಅದರ ಚಕ್ರದ ಮುಚ್ಚಳ ಟ್ರಕ್ಕಿನ ಮೂಲೆಗೆ ಒತ್ತಿತ್ತು. ಇನ್ನೊಂದು ಗೇಣು ಹಿಂದೆ ಸರಿದಿದ್ದರೆ ಕಾರಿನ ಮೂತಿಯೂ ಜಜ್ಜಿ, ಹಿಚ್ಚೂ ತಿರುಚಿಹೋಗುತ್ತಿತ್ತು. ಮಾವನವರು ಕಿಟಕಿಯ ಮುಂದೆ ನಿಂತು ಎರಡೂ ಕೈ ಎತ್ತಿ "ಸ್ಟಾಪ್! ಸ್ಟಾಪ್! ನೋ ರಿವರ್ಸ್!" ಎಂದರು. ಹುಡುಗ ನಿಲ್ಲಿಸಿದ. ಇಳಿದು ಬಂದಾಗ ಅವನ ಕೈ ನಡುಗುತ್ತಿತ್ತು. ಸ್ಯಾಕ್ರಮೆಂಟೊದಿಂದ ಬಂದವನು, ಯೂಜೀನ್ ಎಂಬ ಊರಿನಲ್ಲಿ ಅವನ ಮೊದಲ ಕೆಲಸ. ಡಾಲಿ ಸ್ನೇಹಿತನಿಂದ ತಂದದ್ದು. ಪುಸ್ತಕ ಇರಲಿಲ್ಲ.

ಮುಂದಿನ ಒಂದು ತಾಸು ಮಾವನವರು ಮತ್ತೆ ಡಿಪೋದಲ್ಲಿದ್ದರು. ಅವರು ಕನ್ನಡದಲ್ಲಿ ಹೇಳುವುದು, ನಾನು ಇಂಗ್ಲಿಷಿಗೆ ತಿರುಗಿಸುವುದು. ನಡುನಡುವೆ ಅದರ ಅಗತ್ಯವೂ ಬೀಳಲಿಲ್ಲ. ಬ್ರೇಕು, ಗೇರು, ನ್ಯೂಟ್ರಲ್ ಎಲ್ಲ ಕಡೆಯೂ ಒಂದೇ. ಮೋಟೆಲಿನ ಒಡೆಯರು ಗುಜರಾತಿನವರು. ಟಾರ್ಚು ತಂದರು, ಮುಂದೆ ನಿಂತಿದ್ದ ಅತಿಥಿಯೊಬ್ಬರ ಕಾರನ್ನು ತೆಗೆಸಿ ಸ್ವಲ್ಪ ಜಾಗ ಮಾಡಿಕೊಟ್ಟರು. ಮೊದಲು ಟ್ರಕ್ಕನ್ನು ಸಿಕ್ಕಷ್ಟು ಮುಂದಕ್ಕೆ ತೆಗೆದು ಒತ್ತಿಕೊಂಡದ್ದನ್ನು ಬಿಡಿಸಿದೆವು. ಡಾಲಿ ನೆಟ್ಟಗಾದ ಮೇಲೆ ಟ್ರಕ್ಕಿನ ಚಕ್ರಕ್ಕೆ ಅಡ್ಡ ಕೊಟ್ಟು, ಪಟ್ಟಿ ಬಿಚ್ಚಿ, ಕಾರನ್ನು ಅದರದೇ ಇಂಜಿನ್ನಿನಿಂದ ಕೆಳಗಿಳಿಸಿದೆವು. ಖಾಲಿ ಡಾಲಿಯನ್ನು ಹಿಚ್ಚಿನಿಂದ ಕಳಚಿ, ನಾಲ್ವರೂ ಹಿಡಿದು ತಳ್ಳಿ ಬಯಲಿಗೆ ತಂದೆವು. ಟ್ರಕ್ಕೊಂದೇ ಆದ ಮೇಲೆ ಅದಕ್ಕೆ ರಿವರ್ಸ್ ಕಷ್ಟವೇ ಅಲ್ಲ. ಬೇರೆ ಉಪಾಯ ಇಲ್ಲ. ಡಾಲಿ ಸಿಕ್ಕಿಬಿದ್ದರೆ ಹತ್ತಿಸಿದ್ದನ್ನೆಲ್ಲ ಇಳಿಸಿ, ಬಿಡಿಸಿ, ಮೊದಲಿನಿಂದ ಕಟ್ಟಬೇಕು.

ಮತ್ತೆ ಹತ್ತಿಸುವ ಮುನ್ನ ಮಾವನವರು ಹುಡುಗನ ಕಾರಿನ ಹಿಂಚಕ್ರದ ಬಳಿ ಬಗ್ಗಿದರು. ಕೈ ಹತ್ತಿರ ತಂದವರು ಸರಕ್ಕನೆ ಹಿಂದೆ ತೆಗೆದರು. ಬಾಗಿಲು ತೆರೆದು ನೋಡಿದರೆ ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿದಿರಲಿಲ್ಲ. ಒಂದೇ ಒಂದು ಹಲ್ಲು ಮೇಲಿತ್ತು. ಬಯಲಿನಲ್ಲಿ ಇಷ್ಟು ದೂರ ತಡೆದುಕೊಂಡ ಬ್ರೇಕ್, ನಾಳಿನ ಘಾಟಿಯಲ್ಲಿ ಟೈರಿಗೆ ಬೆಂಕಿ ಹಚ್ಚುತ್ತಿತ್ತೋ ಏನೋ. ಹಬ್ ತಣ್ಣಗಾಗಲು ಬಿಟ್ಟೆವು. ಚಿಲಕಕ್ಕೆ ಪಿನ್ನೇ ಇರಲಿಲ್ಲ. ಒಡೆಯರು ತಮ್ಮ ಪೆಟ್ಟಿಗೆಯಿಂದ ಸರಿಹೊಂದುವ ಒಂದನ್ನು ಹುಡುಕಿಕೊಟ್ಟರು. ಸರಪಳಿಗಳು ನೇರವಾಗಿದ್ದವು. ಮಾವನವರು ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಮ್ಮ ಎರಡು ತೋಳನ್ನು ಅಡ್ಡ ಹಾಯಿಸಿ ಅದರ ಮೇಲೆ ಮಗು ಮಲಗಿದಂತೆ ತೋರಿಸಿದರು. ಹುಡುಗನಿಗೆ ಅರ್ಥವಾಯಿತು. ತಾನೇ ಬಿಚ್ಚಿ ಅಡ್ಡ ಹಾಕಿದ. ಮಾವನವರು ಒಂದನ್ನೂ ತಾವು ಕಟ್ಟಲಿಲ್ಲ. "ನಾಳೆ ನಾವಿರಲ್ಲ, ಅವನ ಕೈಗೇ ಬರ್ಲಿ" ಎಂದರು.

ಮರುದಿನ ಬೆಳಿಗ್ಗೆ ಹುಡುಗ ನಮ್ಮ ಹಿಂದೆಯೇ ಬರುತ್ತೇನೆಂದ. ಕ್ಲಾಮತ್ ನದಿ ದಾಟಿ, ಹಿಲ್ಟ್ ದಾಟಿ, ಆರೆಗಾನ್ ಗಡಿಯೊಳಗೆ ಸಿಸ್ಕಿಯೂ ಶಿಖರ. 1,314 ಮೀಟರ್. ಇಂಟರ್‌ಸ್ಟೇಟ್ 5 ತನ್ನ ಇಡೀ ಉದ್ದದಲ್ಲಿ ಇಷ್ಟು ಎತ್ತರಕ್ಕೆ ಬೇರೆಲ್ಲೂ ಏರುವುದಿಲ್ಲ. ಅಲ್ಲಿಂದ ಆ್ಯಶ್‌ಲ್ಯಾಂಡಿನವರೆಗೆ ಸುಮಾರು 7 ಮೈಲಿ ಒಂದೇ ಸಮನೆ ಇಳಿಜಾರು, ನೂರಕ್ಕೆ ಆರರಂತೆ. ಚಳಿಗಾಲದಲ್ಲಿ ಹಿಮ ಬಿದ್ದು ಟೈರಿಗೆ ಸರಪಳಿ ಕಟ್ಟದವರನ್ನು ಬಿಡದ ಜಾಗ. ಅದಕ್ಕೇ ನಾವು ಅಕ್ಟೋಬರಿನಲ್ಲೇ ಹೊರಟದ್ದು.

ತುದಿಯಲ್ಲಿ ನಿಲ್ಲಿಸಿ ಎಲ್ಲವನ್ನೂ ಮತ್ತೊಮ್ಮೆ ಮುಟ್ಟಿದೆವು. ಹತ್ತುವಾಗ ಬೇಕಾದ ಗೇರಿನಲ್ಲೇ ಇಳಿಯಬೇಕು ಎಂಬುದು ಶಿರಾಡಿಯ ಡ್ರೈವರುಗಳ ಮಾತು. ಮಾವನವರು ಅದನ್ನು ಹೇಳುವ ಮೊದಲೇ ನಾನು ಕೆಳಗಿನ ಗೇರಿಗೆ ಹಾಕಿದ್ದೆ. ಬ್ರೇಕಿನ ಮೇಲೆ ಕಾಲಿಟ್ಟೇ ಇಳಿದರೆ ಡ್ರಮ್ಮು ಕಾದು ಹಿಡಿತ ಸತ್ತುಹೋಗುತ್ತದೆ. ಇಂಜಿನ್ ತಡೆಯಲಿ, ವೇಗ ಏರಿದಾಗ ಗಟ್ಟಿಯಾಗಿ ಒಮ್ಮೆ ಹಿಡಿದು ಪೂರ್ತಿ ಬಿಡಬೇಕು. ಸರ್ಜ್ ಬ್ರೇಕಿಗೂ ಹೀಗೆ ಬಿಟ್ಟು ಬಿಟ್ಟು ಹಿಡಿಯುವುದೇ ಒಳ್ಳೆಯದು. ಇಲ್ಲದಿದ್ದರೆ ಡಾಲಿ ಇಡೀ ಇಳಿಜಾರಿನುದ್ದಕ್ಕೂ ಒತ್ತುತ್ತಲೇ ಇದ್ದು ತನ್ನ ಬ್ರೇಕನ್ನು ತಾನೇ ಸುಟ್ಟುಕೊಳ್ಳುತ್ತದೆ.

ಅರ್ಧ ದಾರಿಯಲ್ಲಿ ಬಲಗಡೆ ಜಲ್ಲಿ ತುಂಬಿದ ಒಂದು ಅಗಲದ ಓಣಿ ರಸ್ತೆಯಿಂದ ಕವಲೊಡೆದು ಬೆಟ್ಟಕ್ಕೆ ಏರಿತ್ತು. ಅದೇನೆಂದು ಮಾವನವರು ಕೇಳಿದರು. ಬ್ರೇಕ್ ಹೋದ ಲಾರಿ ಅದಕ್ಕೆ ನುಗ್ಗಬೇಕು, ಜಲ್ಲಿಯಲ್ಲಿ ಚಕ್ರ ಹೂತು ನಿಲ್ಲುತ್ತದೆ ಎಂದೆ. ಅವರು ಕತ್ತು ತಿರುಗಿಸಿ, ಅದು ಮರೆಯಾಗುವವರೆಗೂ ನೋಡಿದರು. ತುಂಬ ಹೊತ್ತಿನ ಮೇಲೆ, ತಮ್ಮ ಜೊತೆ ಕೆಲಸ ಮಾಡಿದ ಡ್ರೈವರೊಬ್ಬರ ಹೆಸರು ಹೇಳಿದರು. "ನಮ್ಮ ಘಾಟೀಲಿ ಇಂಥದ್ದೊಂದಿದ್ದಿದ್ರೆ ಅವನು ಉಳಿತಿದ್ದ." ಅದರಾಚೆ ಏನನ್ನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆ್ಯಶ್‌ಲ್ಯಾಂಡಿನಲ್ಲಿ ಬಂಕಿಗೆ ಹೋದೆವು. ಆರೆಗಾನಿನಲ್ಲಿ ಗ್ರಾಹಕರೇ ಪೆಟ್ರೋಲ್ ಹಾಕಿಕೊಳ್ಳುವುದಕ್ಕೆ 1951ರಿಂದ ನಿಷೇಧವಿತ್ತು. ಇಡೀ ರಾಜ್ಯದಲ್ಲಿ ಅದು ಸಡಿಲವಾದದ್ದು 2023ರಲ್ಲಿ. ಬಂಕಿನ ಆಳು ಬಂದು ನಳಿಗೆ ಹಿಡಿದದ್ದು ಮಾವನವರಿಗೆ ಬಹಳ ಹಿಡಿಸಿತು. ಆತ ಪೆಟ್ರೋಲ್ ಹಾಕುವಾಗ ಇವರು ತಮ್ಮ ಸುತ್ತು ಹಾಕಿದರು. ಹಿಂದೆಯೇ ಬಂದು ನಿಂತ ಹುಡುಗನೂ ಇಳಿದ. ಮಾವನವರು ಮಾಡಿದಂತೆಯೇ, ಬಲದಿಂದ ಹೊರಟು, ಅಂಗೈಯ ಹಿಂಬದಿಯನ್ನು ಹಬ್ಬಿನ ಹತ್ತಿರ ಹಿಡಿದು ನೋಡಿ, ಇವರ ಕಡೆ ಹೆಬ್ಬೆರಳು ಎತ್ತಿ ತೋರಿಸಿದ. ಯೂಜೀನಿನಲ್ಲಿ ಅವನು ಬೀಳ್ಕೊಂಡ.

ಹಿಲ್ಸ್‌ಬರೊ ತಲುಪಿದಾಗ ಮಳೆ. ಕಾರು ಇಳಿಸಿದರೆ ಅದರ ಮೀಟರು ಫ್ರೀಮಾಂಟಿನಲ್ಲಿ ಎಷ್ಟಿತ್ತೋ ಅಷ್ಟೇ ತೋರಿಸುತ್ತಿತ್ತು. ಮುಂದಿನ ಚಕ್ರ ತಿರುಗದಿದ್ದರೆ ಅದಕ್ಕೆ ದಾರಿ ಸವೆದದ್ದೇ ತಿಳಿಯದು. ಮಗಳಿಗೆ ಇಂದಿಗೂ ಈ ಕಥೆಯಲ್ಲಿ ತುಂಬ ಇಷ್ಟವಾದ ಸಂಗತಿ ಅದೇ.

ಇದೆಲ್ಲ ಆಗಿ ಎಷ್ಟೋ ವರ್ಷದ ಮೇಲೆ, ನನ್ನ ಹೆಂಡತಿಯ ಅಕ್ಕನ ಮಗ ಓದಲು ಬಂದು, ಕೆಲಸ ಹಿಡಿದು, ಹ್ಯೂಸ್ಟನ್ನಿನಿಂದ ಡಲ್ಲಾಸಿಗೆ ಮನೆ ಬದಲಿಸುವವನಿದ್ದ. ಹೊರಡುವ ದಿನ ಬೆಳಿಗ್ಗೆ ಹಾಸನಕ್ಕೆ ಫೋನ್ ಮಾಡಿ ತಾತನ ಆಶೀರ್ವಾದ ಕೇಳಿದ. ಡಾಲಿ ಕಟ್ಟಿದ್ದೇನೆ ಎಂದದ್ದೇ ತಡ, ಮಾವನವರು ಆಶೀರ್ವಾದ ಬದಿಗಿಟ್ಟು ಶುರು ಮಾಡಿದರಂತೆ. ಸರಪಳಿ ಅಡ್ಡ ಹಾಕಿದ್ಯಾ? ಹಾಕಿದೀನಿ ತಾತ. ಪಿನ್ನು? ಇದೆ. ಕಾರಲ್ಲಿ ಯಾರಾದ್ರೂ ಕೂರ್ತಾರಾ? ಇಲ್ಲ. ಹ್ಯಾಂಡ್‌ಬ್ರೇಕ್?

"ಇಳ್ಸಿದೀನಿ ಅನ್ಸುತ್ತೆ ತಾತ."

"ಅನ್ಸುತ್ತೆ ಅನ್ನೋದು ಬೇಡ. ಫೋನ್ ಇಡು, ಹೋಗಿ ಕೈಯಲ್ಲಿ ಮುಟ್ಟಿ ನೋಡ್ಕೊಂಡ್ ಬಾ. ನಾನ್ ಇಲ್ಲೇ ಕೂತಿರ್ತೀನಿ."